ಅಣ್ಣಾವ್ರ ಗಂಟಲು, ನಮ್ಮ ನೆಪ

ಆಫೀಸ್ ಪಾರ್ಟಿಯಲ್ಲಿ ಮೈಕ್ ಕೈಗೆ ಬಂದರೆ ನಂದು ಒಂದೇ ಮಾತು: 'ನಂಗೆ ಗಂಟಲಿಲ್ಲ ಗುರು.' ಹನೂರು ಕಡೆಯ ನಮ್ಮ ಶಾಲೆಯಲ್ಲಿ ಮೇಷ್ಟ್ರೊಬ್ಬರು ಪ್ರಾರ್ಥನೆ ಹಾಡೋ ಸಾಲಿನಿಂದ ನನ್ನನ್ನು ಹಿಂದಕ್ಕೆ ಕಳಿಸಿದ್ರು. ಅದನ್ನೇ ತೀರ್ಪು ಅಂತ ಇಷ್ಟು ವರ್ಷ ನಂಬಿದ್ದೆ.

ಮೊನ್ನೆ ಕ್ಯಾಬ್‌ನಲ್ಲಿ 'ಜೀವನ ಚೈತ್ರ'ದ 'ನಾದಮಯ' ಬಂತು. 'ಅಣ್ಣಾವ್ರದು ಹುಟ್ಟಿನಿಂದ ಬಂದಿದ್ದು ಬಿಡು' ಅಂದ ಗೆಳೆಯ. ಹೊಗಳಿಕೆಯೇ. ಆದರೆ ಅದರಲ್ಲಿ ಅವರ ಅರ್ಧ ಜೀವನವೇ ಅಳಿಸಿಹೋಗುತ್ತೆ.

ರಾಜ್‌ಕುಮಾರ್ ಹೆಸರಿನ ಮುಂದಿರುವ ಸಿಂಗಾನಲ್ಲೂರು ನಮ್ಮ ಕೊಳ್ಳೇಗಾಲ ಸೀಮೆಯದು. ತಂದೆ ನಾಟಕದವರು. ಮಗನೂ ಚಿಕ್ಕಂದಿನಲ್ಲೇ ಗುಬ್ಬಿ ವೀರಣ್ಣನವರ ಕಂಪನಿ ಸೇರಿದರು. ಅಲ್ಲಿ ನಟ ಅಂದರೆ ಹಾರ್ಮೋನಿಯಂ ಶ್ರುತಿಗೆ ಹಾಡಲೇಬೇಕು. ಸಿನಿಮಾಕ್ಕೆ ಬಂದ ಮೇಲೂ ಎಷ್ಟೋ ವರ್ಷ ಅವರ ಹಾಡುಗಳ ದನಿ ಪಿ.ಬಿ. ಶ್ರೀನಿವಾಸ್ ಅವರದು. 1974ರ 'ಸಂಪತ್ತಿಗೆ ಸವಾಲ್' ನಂತರವೇ ಅವರು ಗಾಯಕರಾಗಿಯೂ ನಿಂತದ್ದು. ಆಗ ವಯಸ್ಸು 45. 'ನಾದಮಯ' ಹಾಡಿ ರಾಷ್ಟ್ರಪ್ರಶಸ್ತಿ ಪಡೆದ 1992ರ ಆ ಚಿತ್ರದ ಹೊತ್ತಿಗೆ 63. ಆ ಹಾಡು ಇನ್ನೊಮ್ಮೆ ಕೇಳಿ: ಮೇಲಿನ ಸ್ವರಕ್ಕೆ ಹೋದಾಗಲೂ ಕಿರುಚಲ್ಲ, ಉಸಿರು ಹಿಡಿತದಲ್ಲೇ ಇರುತ್ತೆ. ಇದು ವರ ಅಲ್ಲ, ಅಭ್ಯಾಸ.

ಮಂಟೇಸ್ವಾಮಿ ಕಥೆ ಹಾಡೋ ನೀಲಗಾರರನ್ನೂ ನಾವು ಹೀಗೇ 'ಸ್ವಾಮಿ ಕೊಟ್ಟಿದ್ದು' ಅಂತೀವಿ. ಚಿಕ್ಕಲ್ಲೂರು ಜಾತ್ರೆಯಲ್ಲಿ ಕೂತು ನೋಡಿ. ತಂಬೂರಿ ಹಿಡಿದವರ ಹಿಂದೆ ಹಿಮ್ಮೇಳ ಸೊಲ್ಲು ಎತ್ತಿಕೊಳ್ಳುತ್ತೆ, ರಾತ್ರಿಯೆಲ್ಲಾ. ಅದೇ ಅವರ ಪಾಠಶಾಲೆ: ಮೊದಲು ಕಿವಿ, ಆಮೇಲೆ ಗಂಟಲು.

ನಾವು ಮಾಡೋದು ಉಲ್ಟಾ. ಜೇನುತುಪ್ಪ, ಮೆಣಸು ಅಂತ ಗಂಟಲಿಗೇ ಉಪಚಾರ. ನುಂಗಿದ್ದು ಅನ್ನನಾಳಕ್ಕೆ ಹೋಗುತ್ತೆ, ಧ್ವನಿತಂತುಗಳ ಮೇಲಲ್ಲ. ಗಂಟಲಿಗೆ ಹಿತ ಅನ್ನಿಸಬಹುದು, ಶ್ರುತಿ ಬರಲ್ಲ. ಜೋರಾಗಿ ಕೂಗಿದರೆ ದನಿ ಗಟ್ಟಿಯಾಗುತ್ತೆ ಅನ್ನೋದೂ ಸುಳ್ಳು, ಅದರಿಂದ ದನಿ ಕೆಡುತ್ತೆ ಅಷ್ಟೇ. ಸ್ವರದ ವ್ಯತ್ಯಾಸವೇ ಗೊತ್ತಾಗದ ಕಿವಿಯವರು ಇದ್ದಾರೆ, ಆದರೆ ತೀರಾ ಕಡಿಮೆ.

ಹಾಗಂತ ಎಲ್ಲರೂ ರಾಜ್‌ಕುಮಾರ್ ಆಗ್ತೀವಿ ಅಂತಲ್ಲ. ದನಿಯ ಬಣ್ಣ ಅವರವರದ್ದೇ, ಅದು ಹುಟ್ಟಿನದೇ. ಆದರೆ ಶ್ರುತಿಗೆ ಸೇರಿ ಒಂದು ಹಾಡು ಹಾಡೋದು ಕಲಿಯಬಹುದಾದ ಕೆಲಸ. ಈಗ ದಿನಾ ಹತ್ತು ನಿಮಿಷ ಮೊಬೈಲ್ ತಂಬೂರಿ ಹಾಕಿಕೊಂಡು ಒಂದೇ 'ಸ' ಹಿಡೀತೀನಿ, ರೆಕಾರ್ಡ್ ಮಾಡಿ ಕೇಳ್ತೀನಿ. ಮೊದಲ ವಾರ ನಾಚಿಕೆಯಾಯ್ತು. ಮೂರನೇ ವಾರಕ್ಕೆ ಎಲ್ಲಿ ಜಾರ್ತಿದೀನಿ ಅಂತ ಗೊತ್ತಾಗ್ತಿದೆ. ಪ್ರಾರ್ಥನೆ ಸಾಲಿನಲ್ಲಿ ಅವತ್ತು ಯಾರಾದರೂ ಹೇಳಬೇಕಿದ್ದದ್ದು ಇಷ್ಟೇ.