ಕುರ್ಚಿಯ ಕಾಲಡಿಯ ನೆರಳು

ಮೊಬೈಲ್ ಕ್ಯಾಮೆರಾದಲ್ಲಿ ಕಾಣುವ ಕೋಣೆಯೊಳಗೆ ಅಲ್ಲಿಲ್ಲದ ಕುರ್ಚಿಯೊಂದನ್ನು ತಂದು ಕೂರಿಸುವುದು ಆಗ್ಮೆಂಟೆಡ್ ರಿಯಾಲಿಟಿ, ಚುಟುಕಾಗಿ ಎಆರ್. ಕುರ್ಚಿಯ ಅಳತೆ, ಆಕಾರ, ಮರದ ಗೆರೆ ಎಲ್ಲವೂ ಸರಿಯಿದ್ದರೂ ಕೋಣೆಯ ಬೆಳಕು ಅದರ ಮೇಲೆ ಬೀಳದಿದ್ದರೆ ಅದು ಪರದೆಗೆ ಅಂಟಿಸಿದ ಸ್ಟಿಕರ್‌ನಂತೆಯೇ ಉಳಿಯುತ್ತದೆ. ಕಾಲಡಿಯಲ್ಲಿ ನೆರಳೂ ಇಲ್ಲವೆಂದರೆ ನೆಲದಿಂದ ನಾಲ್ಕು ಬೆರಳು ಮೇಲೆ ತೇಲಿದಂತೆ ಕಾಣುತ್ತದೆ.

ಇಂಥ ಬೆಳಕನ್ನು ಹಿಡಿಯುವ ದಾರಿಯನ್ನು ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಪಾಲ್ ಡೆಬೆವೆಕ್ 1998ರಲ್ಲೇ ತೋರಿಸಿದ್ದರು. ಕನ್ನಡಿಯಂತೆ ಹೊಳೆಯುವ ಗೋಲವೊಂದನ್ನು ಸ್ಥಳದಲ್ಲಿಟ್ಟು, ಬೇರೆ ಬೇರೆ ಎಕ್ಸ್‌ಪೋಶರ್‌ಗಳಲ್ಲಿ ಅದರ ಫೋಟೊ ತೆಗೆದರೆ ಸುತ್ತಲಿನ ಬೆಳಕೆಲ್ಲ ಅದರಲ್ಲಿ ಸಿಗುತ್ತದೆ. ಆ ಬೆಳಕನ್ನೇ ಕಂಪ್ಯೂಟರ್ ರಚಿಸಿದ ವಸ್ತುವಿನ ಮೇಲೆ ಚೆಲ್ಲಿದರಾಯಿತು.

ಮೊಬೈಲ್ ಹಿಡಿದವರ ಕೈಯಲ್ಲಿ ಗೋಲವಿಲ್ಲ. ಕ್ಯಾಮೆರಾಕ್ಕೆ ಕಾಣುವುದು ಎದುರಿನ ಒಂದು ತುಣುಕು. ಬೆಳಕು ಬರುವ ಕಿಟಕಿ ಬೆನ್ನ ಹಿಂದಿರಬಹುದು, ಟ್ಯೂಬ್‌ಲೈಟ್ ತಲೆಯ ಮೇಲಿರಬಹುದು. ಕಾಣದ ಬೆಳಕನ್ನು ಊಹಿಸುವುದೇ ಇಲ್ಲಿನ ನಿಜವಾದ ಕಷ್ಟ. ಎಆರ್ ಆ್ಯಪ್ ಕಟ್ಟಲೆಂದು 2017ರಲ್ಲಿ ಬಂದ ಆಪಲ್‌ನ ಎಆರ್‌ಕಿಟ್ ಸುತ್ತಲಿನ ಬೆಳಕಿನ ಬಗ್ಗೆ ಎರಡು ಅಂಕಿ ಕೊಡುತ್ತಿತ್ತು: ಪ್ರಮಾಣ ಎಷ್ಟು, ಬಣ್ಣ ಎಂಥದು. ಸಾಧಾರಣ ಬೆಳಕಿಗೆ 1000 ಲುಮೆನ್, ಶುದ್ಧ ಬಿಳಿಗೆ 6500 ಕೆಲ್ವಿನ್. ಕೋಣೆ ಮಬ್ಬಾದರೆ ಕುರ್ಚಿಯೂ ಮಬ್ಬಾಗುತ್ತಿತ್ತು, ಹಳದಿ ಬಲ್ಬಿನಡಿ ಅದಕ್ಕೂ ಹಳದಿ ಛಾಯೆ ಬರುತ್ತಿತ್ತು. ಆದರೆ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದು ಆ ಎರಡು ಅಂಕಿಗಳಲ್ಲಿ ಇರಲಿಲ್ಲ. ದಿಕ್ಕಿಲ್ಲದ ಬೆಳಕಿಗೆ ನೆರಳೆಲ್ಲಿಯದು?

2019ರಲ್ಲಿ ಗೂಗಲ್‌ನ ಇಂಥದೇ ಸಾಧನ ಎಆರ್‌ಕೋರ್ ಆ ಕೊರತೆಯನ್ನು ತುಂಬಿತು. ಅದು ಒಂದು ಮುಖ್ಯ ಬೆಳಕಿನ ದಿಕ್ಕನ್ನೂ ತೀವ್ರತೆಯನ್ನೂ ಅಂದಾಜು ಮಾಡುತ್ತದೆ. ಎಲ್ಲೆಡೆಯಿಂದ ಬರುವ ಮೃದು ಬೆಳಕನ್ನು ಕೆಂಪು, ಹಸಿರು, ನೀಲಿಗೆ ತಲಾ 9ರಂತೆ 27 ಅಂಕಿಗಳಲ್ಲಿ ಹಿಡಿದಿಡುತ್ತದೆ. ಹೊಳೆಯುವ ಮೈಗಳಿಗಾಗಿ ಸುತ್ತಲಿನ ದೃಶ್ಯವನ್ನು ಪೆಟ್ಟಿಗೆಯ ಆರು ಮೈಗಳಂತೆ ಹಿಡಿದಿಡುವ ಕ್ಯೂಬ್‌ಮ್ಯಾಪ್ ಕಟ್ಟುತ್ತದೆ. ಈ ಅಂದಾಜು ಮಾಡಲು ಕಲಿಸಿದ ರೀತಿಯೇ ಸೊಗಸು. ಫೋನಿನ ಮುಂದೆ ಕನ್ನಡಿಯಂಥದು, ಮಂಕು ಬೆಳ್ಳಿಯದು, ಹೊಳಪೇ ಇಲ್ಲದ ಬೂದು ಬಣ್ಣದ್ದು ಎಂದು ಮೂರು ಗೋಲ ಕಟ್ಟಿ, ಗೂಗಲ್‌ನ ತಂಡದವರು ಊರೆಲ್ಲ ಸುತ್ತಿ ವಿಡಿಯೊ ತೆಗೆದರು. ಬರಿಯ ದೃಶ್ಯ ನೋಡಿ ಗೋಲಗಳು ಹೇಗೆ ಕಾಣಬೇಕೆಂದು ಹೇಳಲು ನರಜಾಲಕ್ಕೆ (ನ್ಯೂರಲ್ ನೆಟ್‌ವರ್ಕ್) ಕಲಿಸಿದರು. ಆ ತಂಡದಲ್ಲಿ ಡೆಬೆವೆಕ್ ಕೂಡ ಇದ್ದರು.

ಇಷ್ಟಾದರೂ ಹಿತ್ತಾಳೆ, ಸ್ಟೀಲ್ ವಸ್ತುಗಳಲ್ಲಿ ಊಹೆಯ ಬಣ್ಣ ಬಯಲಾಗುತ್ತದೆ. ಪ್ರತಿಬಿಂಬ ಕೋಣೆಗೆ ಹೊಂದುವುದಿಲ್ಲ. ಮರ, ಬಟ್ಟೆ, ಮಣ್ಣಿನ ಮೈಗಳು ಇದಕ್ಕಿಂತ ಎಷ್ಟೋ ಚೆನ್ನಾಗಿ ಒಪ್ಪುತ್ತವೆ. ಸಮಯದ ಮಿತಿಯೂ ಇದೆ: ಸೆಕೆಂಡಿಗೆ 60 ಚಿತ್ರ ತೋರಿಸಬೇಕಾದ ಫೋನಿಗೆ ಒಂದೊಂದಕ್ಕೂ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡು. ಅಷ್ಟರಲ್ಲಿ ಎಲ್ಲವನ್ನೂ ಮಾಡಲಾಗದಿದ್ದಾಗ ಮೊದಲು ಉಳಿಸಿಕೊಳ್ಳಬೇಕಾದದ್ದು ಕಾಲು ನೆಲಕ್ಕೆ ತಾಗುವ ಕಡೆಯ ದಟ್ಟ ನೆರಳು. ಕನ್ನಡಿಯಂಥ ಹೊಳಪು ಆಮೇಲಿನದು.

ಆ್ಯಪ್ ಒಂದರ ಗುಣ ತಿಳಿಯಬೇಕಾದರೆ ಪರದೆಯ ಕುರ್ಚಿಯ ಪಕ್ಕಕ್ಕೆ ಮನೆಯದೇ ಒಂದು ಲೋಟ ಇಟ್ಟು, ಎರಡರ ನೆರಳೂ ಒಂದೇ ಕಡೆಗೆ ವಾಲಿದೆಯೇ ನೋಡಿ.