ಮುಖ ಮತ್ತು ಹೆಸರು: ವಂಶಾವಳಿ ಅಧ್ಯಯನದಲ್ಲಿ ಕುಟುಂಬದ ಛಾಯಾಚಿತ್ರ

ಕರ್ನಾಟಕದ ಮನೆತನಗಳ ಚರಿತ್ರೆಯನ್ನು ಕಟ್ಟುವವರಿಗೆ ಕಡತ, ಕೈಫಿಯತ್ತುಗಳ ಜೊತೆಗೆ ಒದಗುವ ಎರಡು ಆಕರಗಳು ಪರಸ್ಪರ ವಿರುದ್ಧ ಸ್ವಭಾವದವು. ಎತ್ತಿನ ಮೇಲೆ ಊರೂರು ತಿರುಗಿ ಒಕ್ಕಲುಗಳ ವಂಶವನ್ನು ಹೊಗಳುತ್ತ ಬಂದ ಹೆಳವರ ನಿರೂಪಣೆಯಲ್ಲಿ ಹೆಸರುಗಳಿವೆ, ಮುಖಗಳಿಲ್ಲ. ನಡುಮನೆಯ ಗೋಡೆಯ ಮೇಲಿನ ಛಾಯಾಚಿತ್ರಗಳಲ್ಲಿ ಮುಖಗಳಿವೆ, ಹೆಸರುಗಳಿಲ್ಲ. ಇವೆರಡನ್ನೂ ಕೂಡಿಸುವ ಕಾರ್ಯವು ಮೇಲ್ನೋಟಕ್ಕೆ ಸರಳವೆನಿಸಿದರೂ ಸಂಶೋಧಕನ ವಿವೇಕವನ್ನು ಪರೀಕ್ಷಿಸುವಂಥದು.

ಮೊದಲ ನಿಕಷ ಕಾಲದ್ದು. ಛಾಯಾಗ್ರಹಣವು ಲೋಕಕ್ಕೆ ಪ್ರಕಟವಾದುದು 1839ರಲ್ಲಿ; ಮುಂಬಯಿಯಲ್ಲಿ ಛಾಯಾಗ್ರಾಹಕರ ಸಂಘ ಸ್ಥಾಪನೆಗೊಂಡುದು 1854ರಲ್ಲಿ. 1799ರಲ್ಲಿ ಮಡಿದ ಟಿಪ್ಪುಸುಲ್ತಾನನ ‘ನಿಜವಾದ ಛಾಯಾಚಿತ್ರ’ ಎಂಬುದು ಪ್ರಚಾರದಲ್ಲಿರುವುದನ್ನು ನೋಡಿದರೆ, ಈ ಪ್ರಾಥಮಿಕ ನಿಕಷವೂ ಎಷ್ಟು ಸುಲಭವಾಗಿ ಮರೆಯಾಗುತ್ತದೆಂಬುದು ತಿಳಿಯುತ್ತದೆ. ರಟ್ಟಿನ ಅಳತೆ, ಸ್ಟುಡಿಯೋದ ಮುದ್ರೆ, ಕಾಗದದ ಬಗೆ ಇವು ಕಾಲನಿರ್ಣಯಕ್ಕೆ ನೆರವಾಗುತ್ತವೆ. ಆದರೆ ಹಳೆಯ ಚಿತ್ರದಿಂದ ಮತ್ತೆ ಪ್ರತಿ ತೆಗೆಸುವ ರೂಢಿಯೂ ಇದ್ದುದರಿಂದ ಅವು ಹೇಳುವುದು ಪ್ರತಿಯ ಕಾಲವನ್ನೇ ಹೊರತು ಚಿತ್ರ ತೆಗೆದ ಕಾಲವನ್ನಲ್ಲ.

ಎರಡನೆಯದು ಹೋಲಿಕೆ. ‘ಅಜ್ಜನದೇ ಮೂಗು’ ಎಂಬ ಮಾತು ರಕ್ತಸಂಬಂಧವನ್ನು ಸೂಚಿಸಬಹುದು, ವ್ಯಕ್ತಿಯನ್ನು ಗುರುತಿಸಲಾರದು. ಅಣ್ಣತಮ್ಮಂದಿರಲ್ಲಿ, ಚಿಕ್ಕಪ್ಪ ಮತ್ತು ಮಗನಲ್ಲಿ ಅದೇ ಮೂಗು ಇರುತ್ತದೆ. ಮೊಮ್ಮಗನಿಗೆ ತಾತನ ಹೆಸರಿಡುವ ಸಂಪ್ರದಾಯವಿರುವಲ್ಲಿ ಚಿತ್ರದ ಹಿಂಬದಿಯ ಹೆಸರೂ ಎರಡು ತಲೆಮಾರುಗಳಿಗೆ ಸಲ್ಲುತ್ತದೆ.

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯವನ್ನು ಆಚಾರಗಳು ನೀಡುತ್ತವೆ. ಗುಂಪುಚಿತ್ರವೊಂದರಲ್ಲಿ ಕೇಶಮುಂಡನವಾಗಿ ತಲೆಯ ಮೇಲೆ ಸೆರಗು ಹೊದ್ದ ಹೆಂಗಸು ಕುಳಿತಿದ್ದರೆ, ಆ ಚಿತ್ರ ಆಕೆಯ ಪತಿಯ ಮರಣಾನಂತರದ್ದು. ಪಕ್ಕದಲ್ಲಿರುವ ಗಂಡಸು ಸೋದರನೋ ಮೈದುನನೋ ಮಗನೋ ಆಗಿರಬೇಕು. ಇಲ್ಲಿಯೂ ಎಚ್ಚರ ಬೇಕು. ಗತಿಸಿದವರ ಭಾವಚಿತ್ರವನ್ನು ಕತ್ತರಿಸಿ ಕೂಡಿಸಿ ಮರುಮುದ್ರಿಸುವ ಪದ್ಧತಿ ಸ್ಟುಡಿಯೋಗಳಲ್ಲಿತ್ತು; ಮುಖಗಳ ಮೇಲೆ ಬಿದ್ದ ಬೆಳಕಿನ ದಿಕ್ಕು ಹೊಂದದಿದ್ದರೆ ಅದನ್ನು ಶಂಕಿಸಬೇಕು. ಹಾಗೆಯೇ ಹಿಂದೆ ಕನ್ನಡಿಯಿಟ್ಟು ಮೊಗ್ಗಿನ ಜಡೆಯನ್ನು ತೋರಿಸಿದ ಚಿತ್ರದ ಮಗು ಹೆಣ್ಣೇ ಎಂದು ನಿರ್ಧರಿಸಲಾಗದು. ಚೌಲಕ್ಕೆ ಮುನ್ನ ಗಂಡುಮಕ್ಕಳಿಗೂ ಜಡೆ ಹೆಣೆದು ಚಿತ್ರ ತೆಗೆಸಿದ ಮನೆಗಳಿವೆ.

ಈ ವಿಚಾರದ ಮಹತ್ವ ಹೆಚ್ಚಾಗಿ ತೋರುವುದು ಸ್ತ್ರೀಯರ ವಿಷಯದಲ್ಲಿ. ವಂಶಾವಳಿಗಳು ಮುಖ್ಯವಾಗಿ ಪುರುಷ ಪರಂಪರೆಯನ್ನು ಹಿಡಿದು ಸಾಗುತ್ತವೆ. ಮದುವೆಯಲ್ಲಿ ಹೆಸರು ಬದಲಾಗುತ್ತಿದ್ದ ಮನೆತನಗಳಲ್ಲಿ ಒಬ್ಬಳೇ ಹೆಂಗಸು ತವರಿನ ಗೋಡೆಯ ಮೇಲೆ ಒಂದು ಹೆಸರಿನಿಂದಲೂ ಗಂಡನ ಮನೆಯಲ್ಲಿ ಇನ್ನೊಂದರಿಂದಲೂ ಉಳಿದಿರುತ್ತಾಳೆ. ಮಾಳವಿಕಾ ಕಾರ್ಲೇಕರ್ ಅವರು ಬಂಗಾಳದ ಆರಂಭಕಾಲೀನ ಛಾಯಾಗ್ರಹಣವನ್ನು ಕುರಿತ 2005ರ ಗ್ರಂಥದಲ್ಲಿ ಇಂಥ ಚಿತ್ರಗಳನ್ನು ಸಾಮಾಜಿಕ ಚರಿತ್ರೆಯ ಆಕರಗಳಾಗಿ ಓದಿದ್ದಾರೆ. ವಂಶಾವಳಿಯಲ್ಲಿ ದಾಖಲಾಗದ ಅತ್ತೆ, ಅಕ್ಕ, ಸವತಿಯರಿಗೆ ಛಾಯಾಚಿತ್ರವೇ ಉಳಿದಿರುವ ಏಕೈಕ ಸಾಕ್ಷ್ಯವಾಗಿರಬಹುದು.

ಆದ್ದರಿಂದ ತಪ್ಪು ಹೆಸರು ಕೇವಲ ಪ್ರಮಾದವಲ್ಲ. ಒಮ್ಮೆ ಬರೆದ ಹೆಸರು ಮುಂದಿನ ತಲೆಮಾರಿಗೆ ಪ್ರಮಾಣವಾಗುತ್ತದೆ. ಅದರಡಿಯಲ್ಲಿ ನಿಜವಾದ ವ್ಯಕ್ತಿ ಎರಡನೆಯ ಬಾರಿ ಇಲ್ಲವಾಗುತ್ತಾಳೆ. ಗುರುತನ್ನು ಯಾರು, ಯಾವಾಗ, ಯಾವ ಆಧಾರದಿಂದ ಹೇಳಿದರೆಂಬುದನ್ನು ಬೇರೆ ಹಾಳೆಯಲ್ಲಿ ದಾಖಲಿಸಿ, ಖಚಿತವಾದುದನ್ನೂ ಊಹೆಯನ್ನೂ ಬೇರ್ಪಡಿಸುವುದು ಸಂಶೋಧಕನ ಕನಿಷ್ಠ ಹೊಣೆ. ಹೆಸರಿಲ್ಲದ ಮುಖಕ್ಕೆ ‘ಅಜ್ಞಾತ’ ಎಂದು ಬರೆದಿಡುವುದೂ ಪ್ರಾಮಾಣಿಕ ಸಂಶೋಧನೆಯ ಒಂದು ಫಲಿತವೇ ಆಗಿದೆ.