ಮ್ಯಾಪ್‌ಗಿಂತ ಮೊದಲು ಗ್ಯಾಸ್ಕೆಟ್

ಬೈಕಿನ ಸೈಲೆನ್ಸರ್ ಬದಲಿಸಿ, ಇಂಜಿನನ್ನು ನಿಯಂತ್ರಿಸುವ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಹೊಸ ಮ್ಯಾಪ್ (ಪೆಟ್ರೋಲ್ ಲೆಕ್ಕದ ಪಟ್ಟಿ) ಹಾಕಿಸಿದರೆ ಪಿಕಪ್ ಬಂದೇ ಬರುತ್ತದೆ ಎಂಬ ನಂಬಿಕೆ ಊರೂರಿಗೆ ಹಬ್ಬಿದೆ. ಈ ಟ್ಯೂನಿಂಗ್‌ಗೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗಿಂತ ಬಹಳ ದೊಡ್ಡದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ರಸ್ತೆಗಳಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಅರ್ಧ ಥ್ರಾಟಲಿನಲ್ಲಿ ಓಡುವ ಬೈಕಿಗೆ ಅದರಿಂದ ಸಿಗುವುದು ಅತ್ಯಲ್ಪ.

2006ರ ಗ್ಲಾಮರ್ ಎಫ್‌ಐಯಿಂದ 2020ರ ಬಿಎಸ್-6 ಮಾಲಿನ್ಯ ನಿಯಮದವರೆಗಿನ ಇಂಜೆಕ್ಷನ್ ಬೈಕುಗಳ ಕಥೆ ಎಲ್ಲರಿಗೂ ಗೊತ್ತು. ನಾನಿಲ್ಲಿ ಹಿಡಿದು ನೋಡುವುದು ಅಂಥ ಟ್ಯೂನಿಂಗಿನ ಒಂದೇ ಉಪಾಯವನ್ನು: ಗಾಳಿಯ ಶಾಖ ಅಳೆಯುವ ಸೆನ್ಸರಿನ ವೈರಿಗೆ ರೆಸಿಸ್ಟರ್ ಸೇರಿಸುವುದು. ಈ ಸೆನ್ಸರಿನ ರೋಧ ಹೆಚ್ಚಾದರೆ ಗಾಳಿ ತಣ್ಣಗಿದೆ ಎಂದು ಇಸಿಯು ತಿಳಿಯುತ್ತದೆ. ತಣ್ಣನೆಯ ಗಾಳಿ ದಟ್ಟ. ಹಾಗಾಗಿ ಇಂಜೆಕ್ಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಇಲ್ಲಿಯವರೆಗೆ ಲೆಕ್ಕ ಸರಿ. ಆದರೆ ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಕೂತಿದೆ. ಪೆಟ್ರೋಲ್ ಜಾಸ್ತಿಯಾದರೆ ಅದರ ವೋಲ್ಟೇಜ್ 0.9ರತ್ತ ಏರುತ್ತದೆ, ಕಡಿಮೆಯಾದರೆ 0.1ರತ್ತ ಇಳಿಯುತ್ತದೆ. ಸಮವೇಗದ ಓಟದಲ್ಲಿ ಇಸಿಯು ಅದನ್ನು ನೋಡಿಕೊಂಡು ರೆಸಿಸ್ಟರ್ ಕೊಡಿಸಿದ ಪೆಟ್ರೋಲನ್ನು ಅಷ್ಟೇ ಪ್ರಮಾಣದಲ್ಲಿ ಕಡಿತ ಮಾಡುತ್ತದೆ. ಪರಿಣಾಮ ಉಳಿಯುವುದು ಥ್ರಾಟಲ್ ಪೂರ್ತಿ ತಿರುವಿದಾಗ. ಆಗ ಆಕ್ಸಿಜನ್ ಸೆನ್ಸರಿನ ಮಾತು ನಡೆಯುವುದಿಲ್ಲ. ಆದರೆ ಅಲ್ಲಿ ಕಂಪನಿಯ ಮ್ಯಾಪೇ ಧಾರಾಳವಾಗಿ ಪೆಟ್ರೋಲ್ ಕೊಟ್ಟಿರುತ್ತದೆ.

ಕಬ್ಬು ಬೆಳೆಯುವ ಈ ಸೀಮೆಗೆ ಆಕ್ಸಿಜನ್ ಸೆನ್ಸರಿನ ಬೆಲೆ ಗೊತ್ತಿರಬೇಕು. ಇಲ್ಲಿನ ಸಮೀರವಾಡಿಯಂಥ ಕಡೆ ತಯಾರಾಗುವ ಎಥನಾಲ್ ಈಗ ಬಂಕಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಇದೆ. ಶುದ್ಧ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಈ ಮಿಶ್ರಣಕ್ಕೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಧನ ಹೆಚ್ಚು ಬೇಕು. ಕಾರ್ಬೊರೇಟರಿನಲ್ಲಿ ಇದಕ್ಕೆ ಜೆಟ್ ಬದಲಿಸಬೇಕಿತ್ತು; ಇಂಜೆಕ್ಷನ್ ತಾನೇ ತಿದ್ದಿಕೊಂಡು ಆ ತಿದ್ದುಪಡಿಯನ್ನು ನೆನಪಿಡುತ್ತದೆ.

ಇಂಜೆಕ್ಷನ್ ಬಂದು ಮಿಸ್ತ್ರಿಯ ವಿದ್ಯೆ ಸತ್ತಿತು ಎಂದು ಬರೆಯುವವರ ಜೊತೆಗೂ ನನ್ನ ತಕರಾರಿದೆ. 2007ರಲ್ಲಿ ಇಂಜೆಕ್ಷನ್ ಇಟ್ಟುಕೊಂಡು ಬಂದ ಪಲ್ಸರ್ 220, 2009ರಲ್ಲಿ ಕಾರ್ಬೊರೇಟರಿಗೆ ಮರಳಿದ್ದನ್ನು ಅವರು ಸಾಕ್ಷಿಗೆ ಕರೆಯುತ್ತಾರೆ. ಅದರಿಂದ ಗಾಡಿ ಅಗ್ಗವಾಯಿತು, ಅಷ್ಟೇ. ಇಂಜೆಕ್ಷನ್ ಸೋತಿತೆಂದು ಅದರಿಂದ ಸಾಬೀತಾಗುವುದಿಲ್ಲ. ಸ್ಕ್ರೂ ತಿರುವಿ ಕಿವಿಯಿಂದ ಅಂದಾಜು ಮಾಡುವುದಷ್ಟೇ ವಿದ್ಯೆ ಎನ್ನುವವರು ಮಿಸ್ತ್ರಿಯ ಬುದ್ಧಿಯನ್ನೇ ಕೀಳಾಗಿ ಕಾಣುತ್ತಿದ್ದಾರೆ. ಸ್ಕ್ಯಾನರಿನಲ್ಲಿ ಇಂಧನದ ಆ ತಿದ್ದುಪಡಿ ಶೇ. 20 ಹೆಚ್ಚು ಎಂದು ಕಂಡಾಗ ಕಾರಣ ಹುಡುಕುವುದು ಯಾರ ಕೆಲಸ? ಪಂಪಿನ ಒತ್ತಡ ಇಳಿದಿರಬಹುದು, ಇಂಜೆಕ್ಟರ್ ಕಟ್ಟಿಕೊಂಡಿರಬಹುದು. ಹೊಸ ಸೈಲೆನ್ಸರಿನ ಗ್ಯಾಸ್ಕೆಟ್ ಸರಿಯಾಗಿ ಕೂರದೆ ಹೊರಗಿನ ಗಾಳಿ ಒಳಗೆ ಸೇರುತ್ತಿರಬಹುದು. ಆ ಗಾಳಿಯನ್ನು ಕಂಡ ಸೆನ್ಸರ್ ಪೆಟ್ರೋಲ್ ಸಾಲದೆಂದು ತಪ್ಪು ಹೇಳುತ್ತದೆ, ಇಸಿಯು ಇನ್ನಷ್ಟು ಸುರಿಯುತ್ತದೆ, ಪ್ಲಗ್ ಕಪ್ಪಾಗುತ್ತದೆ, ಮೈಲೇಜ್ ಬೀಳುತ್ತದೆ. ಜಾಯಿಂಟಿನ ಬಳಿ ಮಸಿಯ ಗೆರೆ ಗುರುತಿಸುವ ಕಣ್ಣು ಮಿಸ್ತ್ರಿಯದೇ. ಅದನ್ನು ಬಿಟ್ಟು ಮ್ಯಾಪ್ ಬದಲಿಸಿದರೆ ದೋಷ ಒಳಗೇ ಉಳಿಯುತ್ತದೆ.

ಬೋರ್, ಕ್ಯಾಮ್ ಬದಲಿಸಿದ ರೇಸ್ ಇಂಜಿನಿಗೆ ವೈಡ್‌ಬ್ಯಾಂಡ್ ಸೆನ್ಸರ್ ಇಟ್ಟು, ಡೈನೊ ಮೇಲೆ ಓಡಿಸಿ ಬರೆಯುವ ಮ್ಯಾಪ್ ನಿಜವಾದ ವಿದ್ಯೆಯೇ, ಅದನ್ನು ಅಲ್ಲಗಳೆಯಲಾರೆ. ದಿನಬಳಕೆಯ ಗಾಡಿಗೆ ಬೇಕಾದದ್ದು ತಿದ್ದುಪಡಿಯ ಅಂಕಿ ಓದಬಲ್ಲ ಮಿಸ್ತ್ರಿ. ನಮ್ಮ ಐಟಿಐಗಳು ಮೊದಲು ಕಲಿಸಬೇಕಾದದ್ದು ಆ ಓದನ್ನು. ಗಿರಾಕಿ ಮೊದಲು ಕೇಳಬೇಕಾದದ್ದೂ ಆ ಅಂಕಿಯನ್ನೇ.